ತಮ್ಮ ಹಾಕಿಕೊಟ್ಟ ಜಿಬಿ ವಾಟ್ಸ್‌ಆ್ಯಪ್ ನಂಬಬಹುದೇ?

ನಿಮ್ಮ ತಮ್ಮ ಒಳ್ಳೆಯ ಮನಸ್ಸಿನಿಂದಲೇ ಹಾಕಿಕೊಟ್ಟಿರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಮ್ಮ ಪತ್ರದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ಹಳೆಯ ವಾಟ್ಸ್‌ಆ್ಯಪ್ ತೆಗೆದುಹಾಕುವವರೆಗೂ ಹೊಸದು ಇನ್‌ಸ್ಟಾಲ್ ಆಗಲಿಲ್ಲ ಎಂದಿದ್ದೀರಿ. ಅದು ಫೋನಿನ ಹಠವಲ್ಲ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಒಳಗೆ ಒಂದಕ್ಷರ ತಿದ್ದಿದರೂ ಆ ಸಹಿ ಕೆಡುತ್ತದೆ, ತಿದ್ದಿದವರು ತಮ್ಮದನ್ನು ಹಾಕಬೇಕಾಗುತ್ತದೆ. ಜಿಬಿ ವಾಟ್ಸ್‌ಆ್ಯಪ್ ಎಂಬುದು ಅಸಲಿ ವಾಟ್ಸ್‌ಆ್ಯಪನ್ನು ಹೊರಗಿನವರು ತಿದ್ದಿ ಮಾಡಿದ್ದು; ಅದರ ಸಹಿ ಬೇರೆ ಎಂದು ಫೋನ್ ಗುರುತಿಸಿ ತಡೆದಿತ್ತು.

ಹಾಗಾದರೆ ಆ ಸಹಿ ಯಾರದು? ನಾನು ಮೊದಲು ಕೇಳುವ ಪ್ರಶ್ನೆ ಇದೇ. ಇದೇ ಜಾತಿಯ ಎಫ್‌ಎಂ ವಾಟ್ಸ್‌ಆ್ಯಪ್‌ನ ಒಂದು ಆವೃತ್ತಿಯಲ್ಲಿ ‘ಟ್ರಯಾಡಾ’ ಎಂಬ ಕುತಂತ್ರಾಂಶ ಇರುವುದನ್ನು 2021ರಲ್ಲಿ ಸೈಬರ್ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ ಪತ್ತೆಹಚ್ಚಿತು. ಎಸ್‌ಎಂಎಸ್ ಓದುವ ಅನುಮತಿ ಇದ್ದುದರಿಂದ ಮಾಲೀಕರಿಗೇ ತಿಳಿಯದಂತೆ ಹಣ ಕಟ್ಟುವ ಸೇವೆಗಳಿಗೆ ಚಂದಾದಾರರನ್ನಾಗಿಸುವುದು ಅದಕ್ಕೆ ಸಾಧ್ಯವಿತ್ತು. ನಿಮ್ಮ ಬ್ಯಾಂಕಿನ ಒಟಿಪಿ ಬರುವುದೂ ಎಸ್‌ಎಂಎಸ್‌ನಲ್ಲೇ ಅಲ್ಲವೇ?

ಅನಧಿಕೃತವಾದದ್ದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹಳೆಯ ಫೋನುಗಳಿಗೆ ಮರುಜೀವ ಕೊಡುವ ಲಿನಿಯೇಜ್‌ಒಎಸ್‌ನ ಮೂಲ ಸಂಕೇತ ಎಲ್ಲರ ಕಣ್ಣೆದುರಿಗಿದೆ. ಯಾರು ಏನು ಬದಲಿಸಿದರೆಂಬುದನ್ನು ಬಲ್ಲವರು ಓದಿ ನೋಡಬಹುದು. ನಿಮ್ಮ ಆ್ಯಪ್‌ನಲ್ಲಿ ಆ ಅವಕಾಶವೇ ಇಲ್ಲ.

ಇವತ್ತೇ ಬೇಕಾದ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಈ ಆ್ಯಪ್ ತೆಗೆಯಿರಿ. ಪ್ಲೇ ಸ್ಟೋರ್‌ನಿಂದ ಅಸಲಿ ವಾಟ್ಸ್‌ಆ್ಯಪ್ ಹಾಕಿಕೊಂಡು ಎರಡು ಹಂತದ ಪಿನ್ ಇಡಿ. ಹಳೆಯ ಚಾಟ್ ಪೂರ್ತಿ ಮರಳಿ ಬರದೇ ಇರಬಹುದು, ಅದಕ್ಕೆ ಸಿದ್ಧರಿರಿ. ಮೊಬೈಲ್ ಬಿಲ್ಲನ್ನೂ ಒಮ್ಮೆ ಸಾಲುಸಾಲಾಗಿ ಓದಿ.