ಕೆರೆಯ ಮೀನು, ಹಿತ್ತಿಲ ಸೊಪ್ಪು: ರಾತ್ರಿಯ ಊಟಕ್ಕೆ ತಕ್ಕ ಸುಲಭ ಪಾಕ

ಮೈಸೂರು ಸೀಮೆಯ ಕೆರೆಯಚ್ಚುಕಟ್ಟಿನ ಗ್ರಾಮಗಳಲ್ಲಿ ನೀರು ತಗ್ಗುವ ಕಾಲಕ್ಕೆ ಮೀನು ಹೇರಳವಾಗಿ ದೊರೆಯುವುದು. ಹರಿವೆ, ದಂಟು, ನುಗ್ಗೆ, ಬಸಳೆ ಮೊದಲಾದ ಸೊಪ್ಪುಗಳು ಹಿತ್ತಿಲಿನಲ್ಲಿ ಅಲ್ಪ ಶ್ರಮದಿಂದಲೇ ಬೆಳೆಯುವುವು. ಹೀಗಿದ್ದರೂ ಗರ್ಭಿಣಿಯರಲ್ಲಿಯೂ ಮಕ್ಕಳಲ್ಲಿಯೂ ರಕ್ತಹೀನತೆಯು ಕಂಡುಬರುತ್ತಲೇ ಇದೆ. ಇದಕ್ಕೆ ಕಾರಣಗಳು ಹಲವು. ಆದರೆ ಕೈಗೆ ಸಿಕ್ಕಿದ ಪದಾರ್ಥವನ್ನು ಹಸನುಮಾಡುವ, ಬೇಯಿಸುವ ಮತ್ತು ಬಡಿಸುವ ಕ್ರಮದಲ್ಲಿನ ದೋಷವನ್ನು ತಿದ್ದಿಕೊಳ್ಳುವುದು ಆಯಾ ಮನೆಯವರ ಕೈಯಲ್ಲಿಯೇ ಇದೆ. ಮೀನು ತಿನ್ನುವ ಕುಟುಂಬಗಳಿಗೆ ಉಪಯುಕ್ತವಾದ ಒಂದು ಪಾಕಕ್ರಮವನ್ನು ಈ ಕೆಳಗೆ ವಿವರಿಸಿದೆ.

1. ಇವೆರಡನ್ನು ಕೂಡಿಸಿ ಉಣ್ಣುವುದರ ಪ್ರಯೋಜನ

ಕೂನೂರಿನಲ್ಲಿ 1918ರಲ್ಲಿ ಒಂದೇ ಕೋಣೆಯಲ್ಲಿ ಆರಂಭವಾಗಿ, 1958ರಲ್ಲಿ ಹೈದರಾಬಾದಿಗೆ ವರ್ಗವಾದ ಪೌಷ್ಟಿಕಾಹಾರ ಸಂಶೋಧನಾಲಯವು ನಮ್ಮ ದೇಶದ ಆಹಾರವಸ್ತುಗಳ ಗುಣಗಳನ್ನು ಬಹುಕಾಲದಿಂದ ಪರೀಕ್ಷಿಸುತ್ತ ಬಂದಿದೆ. ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದ್ದರೂ ಅದು ಸುಲಭವಾಗಿ ರಕ್ತಗತವಾಗುವುದಿಲ್ಲ; ಅದರೊಡನೆ ಮೀನನ್ನೂ ಹುಳಿಯನ್ನೂ ಸೇವಿಸಿದಲ್ಲಿ ಹೆಚ್ಚಾಗಿ ಹಿಡಿಯುವುದು. ಹರಿವೆಯ ಸುಣ್ಣದ ಅಂಶವು ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ. ಮುಳ್ಳುಸಹಿತವಾಗಿ ತಿನ್ನುವ ಸಣ್ಣ ಮೀನು ಆ ಕೊರತೆಯನ್ನು ತುಂಬುವುದು. ಸೊಪ್ಪಿನಿಂದ ಉಂಟಾಗುವ ‘ಎ’ ಜೀವಸತ್ವವು ಇರುಳುಗಣ್ಣನ್ನು ತಡೆಯತಕ್ಕದ್ದು; ಆದರೆ ಸ್ವಲ್ಪ ಎಣ್ಣೆಯಿಲ್ಲದೆ ಅದು ಮೈಗೂಡುವುದಿಲ್ಲ. ನೂರು ಗ್ರಾಂ ಮೀನಿನಲ್ಲಿ ಸುಮಾರು 16ರಿಂದ 20 ಗ್ರಾಂ ಸಸಾರಜನಕವಿರುವುದು.

2. ಆಯ್ಕೆ ಮತ್ತು ಎಚ್ಚರಿಕೆ

ಕಿವಿರು ಕೆಂಪಾಗಿಯೂ, ಕಣ್ಣು ತಿಳಿಯಾಗಿ ಉಬ್ಬಿಯೂ, ಒತ್ತಿದ ಮಾಂಸವು ಕೂಡಲೇ ಮೇಲೇಳುವಂತೆಯೂ ಇದ್ದರೆ ಮೀನು ಹಸಿಯಾದುದೆಂದು ತಿಳಿಯಬೇಕು. ಗದ್ದೆಗೆ ಹೊಡೆದ ಔಷಧಿಯು ಹರಿದು ಬಂದು ಸತ್ತು ತೇಲುವ ಮೀನನ್ನು ಎಷ್ಟುಮಾತ್ರಕ್ಕೂ ತಿನ್ನಕೂಡದು. ಮೀನನ್ನು ಸೀಳುವಾಗ ಹಸುರು ಬಣ್ಣದ ಪಿತ್ತಕೋಶವು ಒಡೆಯದಂತೆ ತೆಗೆದು ಹೂಳತಕ್ಕದ್ದು. ಅದನ್ನು ಔಷಧಿಯೆಂದು ನುಂಗುವವರುಂಟು. ರೋಹು ಮೊದಲಾದ ಗೆಂಡೆಜಾತಿಯ ಮೀನುಗಳ ಪಿತ್ತವು ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಾಪಾಯವನ್ನುಂಟುಮಾಡುವುದು. ಸಣ್ಣ ಮೀನಿನ ತಲೆಯನ್ನು ಮಾತ್ರ ಬಿಸಾಡಬಾರದು. ಕೆಲವು ಜಾತಿಗಳಲ್ಲಿ ‘ಎ’ ಜೀವಸತ್ವವು ಕಣ್ಣಿನ ಭಾಗದಲ್ಲಿಯೇ ಹೆಚ್ಚಾಗಿರುವುದು.

ರಾತ್ರಿ ಸೊಪ್ಪು ತಿನ್ನಬಾರದೆಂಬ ಮಾತು ಹಳ್ಳಿಗಳಲ್ಲಿ ರೂಢಿಯಲ್ಲಿದೆ. ಮಂದವಾದ ಬೆಳಕಿನಲ್ಲಿ ಹುಳುಹುಪ್ಪಟೆ ಕಾಣದೆಂಬ ಭಯವು ಯುಕ್ತವೇ ಸರಿ. ಆದಕಾರಣ ಹೊತ್ತು ಮುಳುಗುವ ಮೊದಲೇ ಸೊಪ್ಪನ್ನು ಸೋಸಿ, ಎರಡು ಮೂರು ನೀರಿನಲ್ಲಿ ತೊಳೆದಿಡಬೇಕು. ಹೆಚ್ಚಿದ ಮೇಲೆ ತೊಳೆದರೆ ಸತ್ವವು ನೀರುಪಾಲಾಗುವುದು.

3. ಪಾಕಕ್ರಮ

ಐದು ಜನರಿಗೆ: ಮೀನು ಅರ್ಧ ಕಿಲೋ, ಹರಿವೆ ಸೊಪ್ಪು ಅರ್ಧ ಕಿಲೋ, ನಿಂಬೆಗಾತ್ರದ ಹುಣಿಸೆಹಣ್ಣು, ಒಣಮೆಣಸಿನಕಾಯಿ ಆರು, ಕೊತ್ತಂಬರಿ ಬೀಜ ಎರಡು ಚಮಚ, ಈರುಳ್ಳಿ ಎರಡು, ಬೆಳ್ಳುಳ್ಳಿ ಹತ್ತು ಎಸಳು, ಅರಿಸಿನ, ಉಪ್ಪು, ಎಣ್ಣೆ ಮೂರು ಚಮಚ.

ಹುಣಿಸೆಯನ್ನು ನೆನೆಯಿಟ್ಟು, ಮೀನಿಗೆ ಬೂದಿ ಹಚ್ಚಿ ಉಜ್ಜಿದರೆ ಲೋಳೆ ಹೋಗಿ ಹಿಡಿತ ಸಿಕ್ಕುವುದು. ಬಳಿಕ ಚೆನ್ನಾಗಿ ತೊಳೆದು ಅರಿಸಿನ ಉಪ್ಪು ಸವರಿಡಬೇಕು. ಮೆಣಸಿನಕಾಯಿ, ಕೊತ್ತಂಬರಿ, ಒಂದು ಈರುಳ್ಳಿ ಮತ್ತು ಅರ್ಧ ಬೆಳ್ಳುಳ್ಳಿಯನ್ನು ನುಣ್ಣಗೆ ಅರೆದುಕೊಳ್ಳುವುದು. ಮಣ್ಣಿನ ಮಡಕೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಖಾರವನ್ನು ಬಾಡಿಸಿ, ಹುಣಿಸೆ ರಸವನ್ನೂ ಎರಡು ಲೋಟ ನೀರನ್ನೂ ಹೊಯ್ದು ಕುದಿಸಬೇಕು. ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯ ಪಾತ್ರೆಗಳು ಹುಳಿಗೆ ತಕ್ಕವಲ್ಲ. ರಸವು ಚೆನ್ನಾಗಿ ಕುದಿದ ಮೇಲೆ ಮೀನನ್ನು ಬಿಟ್ಟು ಹತ್ತು ನಿಮಿಷ ಬೇಯಿಸುವುದು. ಸೌಟಿನಿಂದ ಕಲಕದೆ ಮಡಕೆಯನ್ನೇ ಮೆಲ್ಲಗೆ ಕುಲುಕಿದರೆ ಮೀನು ಒಡೆಯದು. ಮುಳ್ಳಿನ ಬಳಿಯ ಮಾಂಸವೂ ಬೆಳ್ಳಗಾಗಿ ಬಿಡಿಸಿಕೊಂಡರೆ ಬೆಂದಿತೆಂದು ಅರ್ಥ.

ಇತ್ತ ಮತ್ತೊಂದು ಒಲೆಯಲ್ಲಿ ಉಳಿದ ಎಣ್ಣೆ, ಬೆಳ್ಳುಳ್ಳಿ, ಈರುಳ್ಳಿಗಳ ಒಗ್ಗರಣೆಗೆ ಆಗತಾನೆ ಹೆಚ್ಚಿದ ಸೊಪ್ಪನ್ನು ಹಾಕಿ ಮುಚ್ಚಬೇಕು. ಸೊಪ್ಪು ತನ್ನ ನೀರಿನಲ್ಲಿಯೇ ಆರೇಳು ನಿಮಿಷಕ್ಕೆ ಬೇಯುವುದು. ಬೇಯಿಸಿ ನೀರು ಬಸಿದು ಚೆಲ್ಲುವುದು ಸತ್ವವನ್ನೇ ಚೆಲ್ಲಿದಂತೆ. ರಾಗಿ ಮುದ್ದೆಯೊಡನೆ ಇಡೀ ಊಟವು ಮುಕ್ಕಾಲು ಗಂಟೆಯೊಳಗೆ ಸಿದ್ಧವಾಗುವುದು.

4. ಬಡಿಸುವ ಕ್ರಮ

ಗಂಡಸರು ಉಂಡೆದ್ದ ಮೇಲೆ ಹೆಂಗಸರಿಗೆ ಬರಿಯ ಸಾರು ಉಳಿಯುವುದು ಅನೇಕ ಮನೆಗಳ ಪದ್ಧತಿ. ರಕ್ತವು ಹೆಚ್ಚಾಗಿ ಬೇಕಾದವರು ಗರ್ಭಿಣಿಯರು, ಬಾಣಂತಿಯರು ಮತ್ತು ಬೆಳೆಯುವ ಮಕ್ಕಳು. ಆದಕಾರಣ ಮೊದಲೇ ಅವರ ಪಾಲನ್ನು ತೆಗೆದಿಟ್ಟು ಬಳಿಕ ಉಳಿದವರಿಗೆ ಬಡಿಸತಕ್ಕದ್ದು. ಚಿಕ್ಕ ಮಕ್ಕಳಿಗೆ ಮುಳ್ಳು ಬಿಡಿಸಿಯೇ ಕೊಡಬೇಕು. ಗರ್ಭಿಣಿಯರು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಈ ಊಟದ ನೆವದಿಂದ ಬಿಡಕೂಡದು.

5. ಗ್ರಾಮದ ಹಿರಿಯರು ಮಾಡಬಹುದಾದುದು

ಹಿತ್ತಿಲಿನಲ್ಲಿ ಒಂದು ನುಗ್ಗೆಯ ಕೊಂಬೆಯನ್ನು ನೆಟ್ಟು, ಒಂದು ಮಡಿ ಹರಿವೆಯನ್ನು ಬಿತ್ತಿದರೆ ಹರಿವೆಯು ಒಂದು ತಿಂಗಳೊಳಗೆ ಕೀಳಲು ಬರುವುದು. ಕೆರೆಯ ಮೀನು ಹಿಡಿಸುವಾಗ ದೊಡ್ಡ ಮೀನು ಪೇಟೆಗೆ ಹೋದರೂ ಸಣ್ಣ ಮೀನು ಊರಿನಲ್ಲಿಯೇ ಸುಲಭ ಬೆಲೆಗೆ ದೊರೆಯುವಂತೆ ಗುತ್ತಿಗೆದಾರರೊಡನೆ ಮಾತನಾಡಿಕೊಳ್ಳುವುದು ಸಾಧ್ಯ. ಊರಿನ ಮುಖಂಡನ ಮನೆಯಲ್ಲಿ ಹೆಂಗಸರ ತಟ್ಟೆಗೆ ಮೀನು ಮೊದಲು ಬಿದ್ದರೆ, ನೆರೆಹೊರೆಯ ಮನೆಗಳಲ್ಲಿಯೂ ಆ ಪದ್ಧತಿಯು ತಾನಾಗಿಯೇ ಹಬ್ಬುವುದು.