ಪಾರ್ಟ್‌ಗಿಂತ ಮೊದಲು ತಪಾಸಣೆಗೆ ಕೂಲಿ ಕೊಡಿ

ಹತ್ತು ಹನ್ನೆರಡು ವರ್ಷ ದುಡಿದ ಪಿಕಪ್ಪಿನ ಬ್ರೇಕ್ ಮೆತ್ತಗಾದಾಗ ಮಾಲೀಕ ಗ್ಯಾರೇಜಿಗೆ ಹೋಗಿ ಮೊದಲು ಕೇಳುವುದು, ‘ಯಾವ ಪಾರ್ಟ್ ಹಾಕ್ಬೇಕು, ಎಷ್ಟಾಗುತ್ತೆ?’ ಎಂದು. ಹಳೆಯ ಗಾಡಿಯ ಖರ್ಚುವೆಚ್ಚ ಬರೆದಿಡುತ್ತ ಬಂದಿರುವ ನನಗೆ, ದುಡ್ಡು ಪೋಲಾಗಲು ಶುರುವಾಗುವುದೇ ಈ ಪ್ರಶ್ನೆಯಿಂದ ಎಂಬುದು ಮನವರಿಕೆಯಾಗಿದೆ. ನಾವು ಪಾರ್ಟ್‌ಗೆ ಹಣ ಕೊಡುತ್ತೇವೆ, ಬಿಚ್ಚಿ ಜೋಡಿಸಿದ್ದಕ್ಕೆ ಕೂಲಿ ಕೊಡುತ್ತೇವೆ. ದೋಷ ಎಲ್ಲಿದೆ ಎಂದು ಹುಡುಕುವುದಕ್ಕೆ ಮಾತ್ರ ಕೊಡುವುದಿಲ್ಲ; ‘ಬರೀ ನೋಡಿದ್ದಕ್ಕೂ ಕಾಸಾ?’ ಎನ್ನುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿಯೇ ಇಲ್ಲದಿದ್ದರೆ ಮೆಕ್ಯಾನಿಕ್ ಊಹೆ ಮಾಡುತ್ತಾನೆ. ಊಹೆ ತಪ್ಪಿದರೆ ಮುಂದಿನ ಪಾರ್ಟ್ ಹಾಕುತ್ತಾನೆ. ಎಲ್ಲ ಊಹೆಗಳ ಬಿಲ್ಲನ್ನೂ ಕಟ್ಟುವವರು ನಾವೇ.

ಮೆತ್ತಗಿನ ಪೆಡಲಿಗೆ ಕಾರಣ ಒಂದೇ ಅಲ್ಲ, ಅದು ಕೆಳಗೆ ಹೋಗುವ ರೀತಿಯಲ್ಲೇ ಬಹಳಷ್ಟು ಸುಳಿವಿದೆ. ಬ್ರೇಕ್ ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ತುಳಿದಾಗ ಸ್ಪಂಜಿನಂತೆ ಅದುಮಿಕೊಂಡರೆ ಲೈನಿನಲ್ಲಿ ಗಾಳಿ ಸೇರಿರುವ ಸಾಧ್ಯತೆಯೇ ಹೆಚ್ಚು. ಮೊದಲ ಸಲ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಎತ್ತರಕ್ಕೆ ಬಂದು ಗಟ್ಟಿಯಾಗಿ ನಿಂತರೆ ಹಿಂದಿನ ಲೈನರ್ ಸವೆದು ಡ್ರಮ್ಮಿನಿಂದ ದೂರವಾಗಿರಬಹುದು, ಬರೀ ಅಡ್ಜಸ್ಟ್‌ಮೆಂಟಿನಲ್ಲೇ ಸರಿಹೋಗಬಹುದು. ಒಂದೇ ಸಮನೆ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಇಳಿಯುತ್ತಲೇ ಹೋದರೆ ಆಯಿಲ್ ಎಲ್ಲೋ ದಾರಿ ಮಾಡಿಕೊಂಡಿದೆ. ಆಗ ಮೊದಲು ನೋಡಬೇಕಾದದ್ದು ಪೈಪಿನ ಜಾಯಿಂಟು, ಡ್ರಮ್ಮಿನ ಒಳಗಿನ ವೀಲ್ ಸಿಲಿಂಡರು. ಹೊರಗೆ ಎಲ್ಲೂ ಒದ್ದೆಯಿಲ್ಲ, ಆಯಿಲ್ ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲ ಎಂದಾದರೆ ಅನುಮಾನ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರಿನ ಮೇಲೆ. ಹೋಸ್ ಪೈಪ್ ಹಳತಾಗಿದ್ದರೆ, ಒಬ್ಬರು ಪೆಡಲ್ ತುಳಿದಾಗ ಅದು ಉಬ್ಬುವುದು ಚಕ್ರದ ಬಳಿ ಕುಳಿತವರ ಕಣ್ಣಿಗೇ ಬೀಳಬಹುದು. ಇನ್ನು ವ್ಯಾಕ್ಯೂಮ್ ಬೂಸ್ಟರ್ ಕೈಕೊಟ್ಟರೆ ಪೆಡಲ್ ಗಟ್ಟಿಯಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಮೆತ್ತಗಾದ ಬ್ರೇಕಿಗೆ ಬೂಸ್ಟರ್ ಬದಲಿಸಿ ಎಂದು ಯಾರಾದರೂ ಹೇಳಿದರೆ, ಯಾಕೆ ಎಂದು ಕೇಳಲು ಇಷ್ಟು ತಿಳಿದಿದ್ದರೆ ಸಾಕು.

ಪಿಕಪ್ಪಿನಲ್ಲಿ ಹಣ ಹೆಚ್ಚು ಸೋರುವ ಜಾಗ ಇನ್ನೊಂದಿದೆ. ಹಲವು ಮಾಡೆಲ್ಲುಗಳಲ್ಲಿ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚುಕಡಿಮೆ ಮಾಡುವ ಒಂದು ವಾಲ್ವು ಹಿಂದಿನ ಆಕ್ಸಲ್ ಹತ್ತಿರ ಇರುತ್ತದೆ. ಗಾಡಿ ಖಾಲಿ ಇದ್ದಾಗ ಅದು ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ತಗ್ಗಿಸುತ್ತದೆ. ಕಂಪನಿಯ ಮ್ಯಾನ್ಯುಯಲ್ ಹೇಳಿದ ಕ್ರಮ ಬಿಟ್ಟು ಏರ್ ತೆಗೆದರೆ ಹಿಂದಿನ ಲೈನಿನಲ್ಲಿ ಗಾಳಿ ಹಾಗೇ ಉಳಿಯಬಹುದು. ಆಗ ‘ಏರ್ ತೆಗೆದಾಯ್ತು, ಇನ್ನೂ ಮೆತ್ತಗಿದೆ, ಅಂದ್ಮೇಲೆ ಮಾಸ್ಟರ್ ಹೋಗಿದೆ’ ಎಂಬ ತೀರ್ಮಾನ ಬರುತ್ತದೆ. ಕೇಳಲು ಸರಿಯೆನಿಸುವ ಈ ತರ್ಕ, ಕೆಲವು ನೂರು ರೂಪಾಯಿಯ ಕೆಲಸವನ್ನು ಕೆಲವು ಸಾವಿರಕ್ಕೆ ಏರಿಸುತ್ತದೆ. ಹೊಸ ಮಾಸ್ಟರ್ ಸಿಲಿಂಡರಿನ ಒಳಗಿನ ಗಾಳಿಯನ್ನೂ ಸರಿಯಾಗಿ ತೆಗೆಯದಿದ್ದರೆ ಪೆಡಲ್ ಮತ್ತೆ ಮೆತ್ತಗೇ. ಜೊತೆಗೆ, ಏರ್ ತೆಗೆಯುವ ಭರದಲ್ಲಿ ಹಳೆಯ ಮಾಸ್ಟರಿನ ಪೆಡಲನ್ನು ನೆಲಕ್ಕೆ ಮುಟ್ಟುವಂತೆ ತುಳಿದರೆ, ಅದರ ರಬ್ಬರುಗಳು ಎಂದೂ ಓಡಾಡದ, ತುಕ್ಕು ಕೂತ ಭಾಗದ ಮೇಲೆ ಉಜ್ಜಿ ಹರಿಯಬಹುದು. ಸರಿ ಇದ್ದ ಭಾಗ ರಿಪೇರಿಯಲ್ಲೇ ಕೆಟ್ಟಂತಾಯಿತು.

‘ಬ್ರೇಕ್ ಅಂದ್ರೆ ಜೀವದ ಪ್ರಶ್ನೆ, ಅದರಲ್ಲಿ ಉಳಿತಾಯ ಯಾಕೆ? ಎಲ್ಲ ಹೊಸದು ಹಾಕಿಬಿಡಿ’ ಎನ್ನುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು, ನಾನು ಒಪ್ಪುತ್ತೇನೆ. ಆದರೆ ಗ್ಯಾರೇಜಿನಲ್ಲಿ ‘ಎಲ್ಲ’ ಎಂದರೆ ಹೆಚ್ಚಾಗಿ ದುಬಾರಿಯಾದ ಒಂದೆರಡು ಭಾಗ ಅಷ್ಟೇ. ಮಾಸ್ಟರ್ ಹೊಸದಾಗಿ, ಹಿಂದಿನ ಚಕ್ರದ ಸೋರಿಕೆ ಹಾಗೇ ಉಳಿದ ಗಾಡಿ ಮೊದಲಿಗಿಂತ ಅಪಾಯಕಾರಿ, ಯಾಕೆಂದರೆ ರಿಪೇರಿಯಾಗಿದೆ ಎಂಬ ಧೈರ್ಯದಲ್ಲಿ ಡ್ರೈವರ್ ಲೋಡ್ ಹೊತ್ತು ಘಾಟಿ ಇಳಿಯುತ್ತಾನೆ. ದೋಷ ಸಿಕ್ಕ ಮೇಲೆ ಕೈ ಬಿಗಿ ಹಿಡಿಯಬಾರದು ಎಂಬುದೂ ನನ್ನ ಮಾತೇ. ಆಯಿಲ್ ಕುಡಿದ ಲೈನರನ್ನು ಒರೆಸಿ ಮತ್ತೆ ಹಾಕಬೇಡಿ, ಎರಡೂ ಬದಿಗೆ ಹೊಸದು ಹಾಕಿಸಿ. ಒಳಗೆ ಗೀರು ಬಿದ್ದ ಸಿಲಿಂಡರಿಗೆ ಬರೀ ರಬ್ಬರ್ ಕಿಟ್ ಹಾಕಿದರೆ ಆ ಹಣ ಹೋದಂತೆಯೇ.

‘ಗಾಡಿ ಒಂದು ದಿನ ನಿಂತರೆ ಬಾಡಿಗೆ ಹೋಗುತ್ತಲ್ಲ’ ಎಂಬ ಮಾತಿನಲ್ಲೂ ಅರ್ಥವಿದೆ. ಕಂತು ಕಟ್ಟುವವರಿಗೆ ಅದು ಸಣ್ಣ ನಷ್ಟವಲ್ಲ. ಆದರೆ ಊಹೆಯ ರಿಪೇರಿಯಲ್ಲಿ ಗಾಡಿ ಮತ್ತೆ ಮತ್ತೆ ನಿಲ್ಲುತ್ತದೆ. ಡಬ್ಬಿಗೆ ಆಯಿಲ್ ಸುರಿದುಕೊಂಡು ಓಡಿಸುವುದಂತೂ ಪರಿಹಾರವೇ ಅಲ್ಲ. ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ತಿಂಗಳುಗಟ್ಟಲೆಯಲ್ಲಿ ಸ್ವಲ್ಪ ಇಳಿಯುವುದು ಸಹಜ. ವಾರಕ್ಕೊಮ್ಮೆ ತುಂಬಿಸಬೇಕಾದರೆ ಅದು ಸೋರಿಕೆ. ಆಯಿಲ್ ಹಳೆಯದಾದರೆ ಗಾಳಿಯ ತೇವವನ್ನೂ ಹೀರಿಕೊಂಡಿರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಚಾರ್ಮಾಡಿಯಂಥ ಇಳಿಜಾರಿನಲ್ಲಿ ಲೋಡ್ ಗಾಡಿಯ ಬ್ರೇಕ್ ಕಾಯ್ದು ಆಯಿಲ್ ಕುದಿದರೆ ಲೈನಿನಲ್ಲಿ ಆವಿ ತುಂಬಿ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸುವ ಖರ್ಚು ಒಂದು ಟಯರಿನ ಬೆಲೆಗೆ ಹೋಲಿಸಿದರೆ ತೀರಾ ಕಡಿಮೆ.

ತಪಾಸಣೆಯ ಕೂಲಿಯನ್ನೂ ತೆಗೆದುಕೊಂಡು ಬೇಡದ ಪಾರ್ಟನ್ನೂ ಹಾಕಿದರೆ ಏನು ಮಾಡುವುದು ಎಂದು ನೀವು ಕೇಳಬಹುದು. ಕೂಲಿ ಕೊಟ್ಟವರಿಗೆ ಸಾಕ್ಷಿ ಕೇಳುವ ಹಕ್ಕಿದೆ. ಒದ್ದೆಯಾದ ಜಾಗ, ಉಬ್ಬಿದ ಪೈಪು, ಇಳಿಯುವ ಪೆಡಲ್ ಎಲ್ಲವನ್ನೂ ಕಣ್ಣಾರೆ ತೋರಿಸಬಹುದು. ತೋರಿಸಲಾಗದ ದೋಷಕ್ಕೆ ಪಾರ್ಟ್ ಬೇಡ ಎನ್ನಿ. ತೆಗೆದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಲೇಬೇಕು, ಹೇಗೂ ಬ್ರೇಕ್ ಪರೀಕ್ಷೆ ಇದೆ. ಅದಕ್ಕೆ ಒಂದು ತಿಂಗಳ ಮೊದಲೇ ಈ ತಪಾಸಣೆ ಮಾಡಿಸಿಕೊಳ್ಳಿ. ಪೆಡಲ್ ಈಗಾಗಲೇ ಮೆತ್ತಗಿದ್ದರೆ ಎಫ್‌ಸಿವರೆಗೆ ಕಾಯಬೇಡಿ. ಕಾರಣ ಸಿಗುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.