ಆವತಿಯ ಅಡಿಗೆಮನೆಗೆ ಎಂತಹ ಮಿಕ್ಸಿ?

ಆವತಿಯ ಸೋದರಿಯವರೇ,

ಅಮೆರಿಕದಲ್ಲಿರುವ ತಮ್ಮ ಮಗನು ಕಳುಹಿಸುವೆನೆಂದಿರುವ ಬೆಲೆಬಾಳುವ ಬ್ಲೆಂಡರನ್ನು ತರಿಸಿಕೊಳ್ಳುವುದೋ, ಇಲ್ಲಿಯೇ ಬಲವಾದ ಮಿಕ್ಸಿಯೊಂದನ್ನು ಕೊಳ್ಳುವುದೋ ಎಂದು ಕೇಳಿರುವಿರಿ. ಇಲ್ಲಿಯೇ ಕೊಳ್ಳುವುದು ಲೇಸೆಂಬುದು ನನ್ನ ನಿಶ್ಚಿತಾಭಿಪ್ರಾಯ.

ಆ ದೇಶದ ಯಂತ್ರವು 120 ವೋಲ್ಟಿಗಾಗಿ ನಿರ್ಮಿತವಾದುದರಿಂದ, ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುವ ಸಂಭವವುಂಟು. ಟ್ರಾನ್ಸ್‌ಫಾರ್ಮರನ್ನಿಟ್ಟು ನಡೆಸೋಣವೆಂದರೆ, ಅದು ಮೋಟಾರಿನ ವ್ಯಾಟಿಗಿಂತ ಅಧಿಕ ಸಾಮರ್ಥ್ಯದ ಭಾರವಾದ ಪೆಟ್ಟಿಗೆಯೇ ಆಗಬೇಕು. ಇದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೆಯಿದೆ. ದೊಡ್ಡ ಜಾರಿನ ಬ್ಲೆಂಡರು ದ್ರವವನ್ನು ಸುಳಿಯಾಗಿ ತಿರುಗಿಸಿ, ಆ ಸುಳಿಯ ಮೂಲಕವೇ ಪದಾರ್ಥವನ್ನು ಬ್ಲೇಡಿನೆಡೆಗೆ ಸೆಳೆಯತಕ್ಕದ್ದಾದುದರಿಂದ, ಬಸ್ಸಾರಿಗೆಂದು ನಾವು ರುಬ್ಬುವ ಹಿಡಿಯಷ್ಟು ಕಾಯಿತುರಿ ಬೆಳ್ಳುಳ್ಳಿಗಳಾಗಲಿ, ನೀರು ಸೋಕಿಸಲಾಗದ ಹುಚ್ಚೆಳ್ಳಿನ ಚಟ್ನಿಪುಡಿಯಾಗಲಿ ಅದರ ಗೋಡೆಗಂಟಿ ನಿಂತುಬಿಡುತ್ತವೆ. ನಮ್ಮ ಮಿಕ್ಸಿಯ ಚಟ್ನಿ ಜಾರು ಈ ಕೆಲಸಕ್ಕೆಂದೇ ಇರುವಂಥದು.

ಸಾಧಾರಣ ಕುಟುಂಬಕ್ಕೆ 750 ವ್ಯಾಟು ಸಾಕು. ಆ ಸಂಖ್ಯೆಯೊಂದಕ್ಕೇ ಮರುಳಾಗದೆ, ಜಾರಿನ ಉಕ್ಕು ದಪ್ಪವಾಗಿದೆಯೇ, ಹೊರೆ ಹೆಚ್ಚಿದಾಗ ಮೋಟಾರನ್ನು ತಾನೇ ನಿಲ್ಲಿಸುವ ಓವರ್‌ಲೋಡ್ ಗುಂಡಿಯಿದೆಯೇ, ಐಎಸ್‌ಐ ಮುದ್ರೆಯಿದೆಯೇ, ಸವೆದ ಕಪ್ಲರೂ ಕಾರ್ಬನ್ ಬ್ರಷ್ಷೂ ದೇವನಹಳ್ಳಿಯ ಪೇಟೆಯಲ್ಲಿಯೇ ದೊರೆಯುವುವೇ ಎಂಬುದನ್ನು ವಿಚಾರಿಸಿರಿ. ಬಿಡಿಭಾಗ ದೊರೆಯದ ಯಂತ್ರವನ್ನು, ಅದೆಷ್ಟೇ ಪ್ರಸಿದ್ಧವಾಗಿರಲಿ, ನಾನು ಶಿಫಾರಸು ಮಾಡಲಾರೆ. ಮುದ್ದೆಯ ರಾಗಿಯನ್ನು ಮಾತ್ರ ಹಿಟ್ಟಿನ ಗಿರಣಿಗೇ ಕಳುಹಿಸಿರಿ.

ತಮ್ಮ ಸೀಮೆಯ ಚಕ್ಕೋತದ ರಸ ತೆಗೆಯುವಾಗ ಬೀಜವನ್ನೂ ಬಿಳಿಯ ಸಿಪ್ಪೆಯನ್ನೂ ಪೂರ್ಣವಾಗಿ ಬಿಡಿಸಿರಿ, ಇಲ್ಲವಾದರೆ ಕಹಿಯಾದೀತು. ಬೆಂದ ಸೊಪ್ಪುಬೇಳೆಗಳನ್ನು ಆರಿದ ಬಳಿಕವೇ ಜಾರಿಗೆ ಹಾಕಿರಿ. ಬಿಸಿಯಾಗಿದ್ದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈಮುಖಗಳು ಸುಟ್ಟಾವು.